ಮಣ್ಣಿಗೆ ಬಾರದವರು

ಬಾದಾಮಿ, ಬಡಗಣ ಗುಡ್ಡದ ಮೂರನೆಯ ನೆರಳುಸಾಲು
ಕ್ರಿ.ಶ. 2304, ಎರಡನೆಯ ಬೇಸಿಗೆಯ ಹದಿನೇಳನೆಯ ದಿನ

ಶಿವಯೋಗಪ್ಪನವರಿಗೆ,

ನಾನು ನಿಮ್ಮ ಒಂಬತ್ತನೆಯ ತಲೆಮಾರಿನವಳು. ಹೆಸರು ಗುರುಬಸವ್ವ, ವಯಸ್ಸು ಐವತ್ತೆಂಟು. ಅಕ್ಷರ ಸೊಟ್ಟಗಿದ್ದರೆ, ಮಾತು ವಿಚಿತ್ರವೆನಿಸಿದರೆ ಮನ್ನಿಸಬೇಕು. ಕೈಯಿಂದ ಬರೆಯುತ್ತಿರುವ ನನ್ನ ಮೊದಲ ಕಾಗದ ಇದು. ನಿಮ್ಮಿಂದ ಕ್ಷಮೆ ಕೇಳುವುದು ಇದೊಂದಕ್ಕೆ ಮಾತ್ರ.

ನಮ್ಮ ಕಾಲದಲ್ಲಿ ಯಾರೂ ಬರೆಯುವುದಿಲ್ಲ. ಪ್ರತಿ ಮನೆಯ ಗೋಡೆಯಲ್ಲೂ ಒಂದು ಕೇಳುಗಲ್ಲಿದೆ. ಹೇಳಿದ್ದನ್ನು ನೆನಪಿಟ್ಟುಕೊಂಡು, ಬೇಕೆಂದಾಗ ತಿರುಗಿ ಹೇಳುತ್ತದೆ. ಅದಕ್ಕೆ ಕಿವಿಯಿದೆ, ಕಣ್ಣಿಲ್ಲ. ಮನೆಗಳೆಂದರೆ ಗುಡ್ಡದ ಕೆಂಪು ಕಲ್ಲಿನೊಳಗೆ ಕೊರೆದ ಕೋಣೆಗಳು. ಅವುಗಳ ಸಾಲಿಗೆ ನೆರಳುಸಾಲು ಎನ್ನುತ್ತೇವೆ. ಬೆಳಗಿನ ಒಂಬತ್ತರಿಂದ ಸಂಜೆ ಐದರವರೆಗೆ ಯಾರೂ ಹೊರಗೆ ಕಾಲಿಡುವಂತಿಲ್ಲ. ಆ ಎಂಟು ತಾಸಿಗೆ ಒಳಹೊತ್ತು ಎಂದು ಹೆಸರು. ಆಗ ನೂಲುತ್ತೇವೆ, ರೊಟ್ಟಿ ಬಡಿಯುತ್ತೇವೆ, ಹರಟುತ್ತೇವೆ. ಜೋಳ ಇನ್ನೂ ಬೆಳೆಯುತ್ತದೆ, ಸೋಮಾರಿಗಳೂ ಬೆಳೆಯುತ್ತಾರೆ. ದಿನಕ್ಕೆ ಎಂಟು ತಾಸು ಕೂತಲ್ಲೇ ಕೂತಿದ್ದ ನಾನು, ಅಕ್ಷರ ಕಲಿಯಲು ಪುರಸೊತ್ತಿಲ್ಲ ಎಂದು ಇಪ್ಪತ್ತಾರು ವರ್ಷ ಹೇಳಿದೆ.

ಕಲಿಯಬೇಕಾಗಿದ್ದುದು ನಿಮ್ಮ ಸಲುವಾಗಿ. ನಿಮ್ಮ ಏಳು ನೋಟುಬುಕ್ಕುಗಳು ನಮ್ಮ ದೇವರ ಜಗಲಿಯ ಮೇಲಿವೆ. ವಿಭೂತಿ ಹಚ್ಚಿ, ಹೂವೇರಿಸಿ ಪೂಜಿಸುತ್ತ ಬಂದಿದ್ದೇವೆ. ಓದಬಲ್ಲ ಹಿರಿಯರು ಪೂಜೆಯ ಪುಸ್ತಕವೆಂದು ಬಿಚ್ಚಿರಲಿಲ್ಲ, ಮನೆಯಲ್ಲಿ ಓದಬಲ್ಲವರು ಇಲ್ಲವಾಗಿ ನೂರು ವರ್ಷವಾಗಿತ್ತು, ಹೊರಗಿನವರು ಮುಟ್ಟುವಂತಿರಲಿಲ್ಲ. ಹೀಗಾಗಿ ಒಳಗೆ ದೊಡ್ಡ ಜ್ಞಾನವಿದೆಯೆಂದು ಎಲ್ಲರೂ ನಂಬಿದ್ದರು. ಓದಿ ಹೇಳುತ್ತೇನೆಂದು ಅವ್ವನಿಗೆ ಮಾತು ಕೊಟ್ಟಿದ್ದೆ. ಕಾದು ಕಾದು ಅವಳು ಎರಡು ವರ್ಷದ ಹಿಂದೆ ತೀರಿಕೊಂಡಳು. ಮಣ್ಣು ಮಾಡಿದ ಮೂರನೆಯ ದಿನ ಚನ್ನವೀರಮ್ಮನ ಬಾಗಿಲಿಗೆ ಹೋದೆ. ನಮ್ಮ ಗುಡ್ಡದಲ್ಲಿ ಹಳೆಯ ಅಕ್ಷರ ಬಲ್ಲವಳು ಆಕೆಯೊಬ್ಬಳೇ. ಎಂಬತ್ತನಾಲ್ಕು ವರ್ಷ, ಒಂದು ಕಣ್ಣು ಆಗಲೇ ಹೋಗಿತ್ತು.

“ಬಂದೇನವಾ? ಇನ್ನೊಂದು ಕಣ್ಣೂ ಹೋದಮ್ಯಾಲ ಬರಬೇಕಿತ್ತಲ್ಲ,” ಎಂದಳು.

ಮರಳಿನ ತಟ್ಟೆಯಲ್ಲಿ ಅ, ಆ ತಿದ್ದಿಸಿದಳು. ‘ಳ’ ಒಂದಕ್ಕೇ ನನಗೆ ಒಂಬತ್ತು ದಿನ ಹಿಡಿಯಿತು. ಒತ್ತಕ್ಷರಕ್ಕೆ ಬಂದಾಗ ಇದು ನನ್ನಿಂದಾಗದು ಎಂದೆ. “ಬಿಡು, ಬಿಡೂದು ನಿನಗೇನ ಹೊಸಾದಲ್ಲ,” ಎಂದಳು. ಆ ಮಾತು ಚುಚ್ಚಿದ್ದರಿಂದಲೇ ಬಿಡಲಿಲ್ಲ. ಹದಿನಾಲ್ಕು ತಿಂಗಳಿಗೆ ನಿಮ್ಮ ಮೊದಲ ಪುಟ ಓದಿದೆ.

‘ನಾಳೆಯಿಂದ ಐದಕ್ಕೆ ಏಳುವುದು. ವಾಕಿಂಗ್. ತಬಲಾ ಕ್ಲಾಸಿಗೆ ಹೆಸರು ಹಚ್ಚುವುದು.’

ಎರಡನೆಯ ಪುಟದಲ್ಲೂ ಅದೇ. ವಾಕಿಂಗ್ ಎಂದರೇನೆಂದು ಚನ್ನವೀರಮ್ಮನನ್ನು ಕೇಳಿದೆ. “ಎಲ್ಲಿಗೂ ಹೋಗೂದಿಲ್ಲದ ನಡಿಗಿ,” ಎಂದಳು. ಅದನ್ನೂ ನೀವು ಮಾಡಲಿಲ್ಲ. ವರ್ಷ ಬದಲಾದಾಗಲೆಲ್ಲ ಹೊಸ ನೋಟುಬುಕ್ಕು ತಂದಿರಿ, ಹಳೆಯ ಪಟ್ಟಿಯನ್ನೇ ಇನ್ನಷ್ಟು ಅಂದವಾಗಿ ಬರೆದಿರಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದಿರಿ. ಗೆರೆ ಎಳೆದ ದಿನ ಕೆಲಸ ಮುಗಿಸಿದವರಂತೆ ಹಾಯಾಗಿ ಉಂಡಿರಬೇಕು. ಇದಕ್ಕೆ ನಾವು ತಲೆತಲಾಂತರ ಊದಿನಕಡ್ಡಿ ಹಚ್ಚಿದೆವು.

ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಏಳೂ ಪಟ್ಟಿಗಳ ಕೊನೆಗೆ ಒಂದು ಸಾಲಿತ್ತು: ‘ಗುಳೇದಗುಡ್ಡಕ್ಕೆ ಹೋಗಿ ತಮ್ಮ ಮಹಾಂತೇಶನಿಗೆ ತಪ್ಪು ನನ್ನದು ಅನ್ನುವುದು.’ ತಪ್ಪೇನೆಂಬುದು ಐದನೆಯ ಪುಸ್ತಕದಲ್ಲಿ ಸಿಕ್ಕಿತು. ನಿಮ್ಮ ತಂದೆ ತೀರಿಕೊಂಡಾಗ ನೀವು ತಮ್ಮನಿಗೆ ತಿಳಿಸಲಿಲ್ಲ. ಯಾವುದೋ ಸಣ್ಣ ಮುನಿಸು. ಕೇಳಿದವರಿಗೆ, ‘ಫೋನ್ ಮಾಡೀನಿ, ಬರೂದಿಲ್ಲ ಅಂದಾನ’ ಎಂದಿರಿ.

ಮುಂದೇನಾಯಿತೆಂದು ನಿಮಗೆ ಗೊತ್ತಿಲ್ಲ. ಗುಳೇದಗುಡ್ಡದ ಬಾವಿಗಳು ಬತ್ತಿದ ಮೇಲೆ ಮಹಾಂತೇಶನ ವಂಶದವರು ಇಲ್ಲಿಗೇ ಬಂದರು. ತಂದೆಯನ್ನು ಹೂಳಲೂ ಬಾರದವನ ವಂಶವೆಂದು ಅವರ ಮನೆತನಕ್ಕೆ ಇಲ್ಲಿರುವ ಹೆಸರು ‘ಮಣ್ಣಿಗೆ ಬಾರದವರು’. ಬಿಸಿಲು ಬಡಿಯುವ ಕೆಳಗಿನ ಸಾಲು ಅವರಿಗೆ. ಕೆರೆಯ ನೀರಿನಲ್ಲಿ ಕೊನೆಯ ಪಾಳಿ ಅವರಿಗೆ. ಮದುವೆಯ ಊಟಕ್ಕೆ ಅವರನ್ನು ಯಾರೂ ಕರೆಯುವುದಿಲ್ಲ. ನಾನೂ ಕರೆದಿಲ್ಲ.

ಐದನೆಯ ಪುಸ್ತಕ ಓದಿದ ಮರುದಿನ ಬೆಳಗ್ಗೆ ಅದನ್ನು ಹಿಡಿದು ಅವರ ಸಾಲಿಗೆ ಇಳಿದೆ. ಅವರ ಹಿರಿಯಳು ನೀಲಗಂಗವ್ವ, ಎಪ್ಪತ್ತೊಂಬತ್ತರವಳು, ಹೊಸ್ತಿಲಲ್ಲಿ ಕೂತು ಅವರೆ ಬಿಡಿಸುತ್ತಿದ್ದಳು. ಬೆರಳಿಟ್ಟು, ತಡವರಿಸುತ್ತ ಆ ಪುಟ ಓದಿದೆ. ಆಕೆಯ ಕೈ ನಿಂತಿತು.

“ನಮ್ಮ ಹಿರಿಯ ಸಾಯೂತನಕ ಅದನ್ನ ಹೇಳಿದ್ನಂತ, ನನಗ ಯಾರೂ ತಿಳಿಸಲಿಲ್ಲ ಅಂತ,” ಎಂದಳು. “ಅವನ ಮಕ್ಕಳು ಸುದ್ದಾ ನಂಬಲಿಲ್ಲ. ನಾವೂ ನಂಬಲಿಲ್ಲ. ಅದಕ್ಕ ಹುಟ್ಟಿದ ಕೂಸಿಗೆಲ್ಲ ಹೇಳಕೊಂತ ಬಂದೀವಿ. ಊರಾಗ ಯಾರ ಸತ್ತರೂ ಮೊದಲ ನೀವು ಹೋಗ್ರಿ. ಕರೀಲಿ, ಬಿಡಲಿ.”

ನನಗೆ ಅವ್ವನ ಮಣ್ಣು ನೆನಪಾಯಿತು. ಬಿಸಿಲೇರುವ ಮುಂಚೆ ಕುಣಿ ತೋಡಿದವರು ಆ ಮನೆಯ ನಾಲ್ವರು. ಕೆಲಸ ಮುಗಿಸಿ ದೂರ ಹೋಗಿ ನಿಂತಿದ್ದರು. ಅವರಿಗೆ ನಾನು ಒಂದು ಲೋಟ ನೀರು ಕೊಟ್ಟಿರಲಿಲ್ಲ.

ತಪ್ಪು ನಮ್ಮದು ಎಂದೆ. ಏಳು ವರ್ಷ ನಿಮ್ಮ ಬಾಯಿಗೆ ಬಾರದ ಮಾತು ಒಂದೇ ಉಸಿರಿನಲ್ಲಿ ಮುಗಿಯಿತು. ನೀಲಗಂಗವ್ವ ಅವರೆಯ ಮೊರ ಬದಿಗಿಟ್ಟು, “ಎಲ್ಲಾರ ಮುಂದ ಓದು,” ಎಂದಳು. ಅಮಾವಾಸ್ಯೆಯ ಸಭೆಯಲ್ಲಿ ಓದಿದೆ. ನನ್ನ ತಮ್ಮಂದಿರು ಈಗ ನನ್ನೊಡನೆ ಮಾತಾಡುವುದಿಲ್ಲ. ಪೂಜೆಯ ಪುಸ್ತಕವನ್ನು ಹೊಲಸು ಮಾಡಿದೆನಂತೆ. ಹಲವರ ಬಾಯಲ್ಲಿ ಹಳೆಯ ಹೆಸರು ಇನ್ನೂ ಹೊರಳುತ್ತದೆ. ನೀರಿನ ಪಾಳಿ ಮಾತ್ರ ಬದಲಾಗಿದೆ. ಈ ವಾರ ಮೊದಲ ಕೊಡ ಅವರದು.

ಗುಳೇದಗುಡ್ಡಕ್ಕೆ ಅರ್ಧ ತಾಸಿಗೊಂದು ಬಸ್ಸಿದೆ ಎಂದು ನೀವೇ ಬರೆದಿದ್ದೀರಿ. ಈ ಕಾಗದ ಹೇಗಾದರೂ ನಿಮ್ಮ ಕೈ ಸೇರಿದರೆ, ಇದನ್ನು ಪಟ್ಟಿಗೆ ಸೇರಿಸಬೇಡಿ. ಚಪ್ಪಲಿ ಮೆಟ್ಟಿ ಹೊರಡಿ. ಹೊರಡುವುದಿಲ್ಲವೆಂದು ಬಲ್ಲೆ.

ಹಿರಿಯರಿಗೆ ಬರೆದ ಕಾಗದವನ್ನು ಶರಣು ಹೇಳಿ ಮುಗಿಸಬೇಕೆಂದು ಚನ್ನವೀರಮ್ಮ ಕಲಿಸಿದ್ದಾಳೆ. ನನ್ನಲ್ಲಿದ್ದ ಶರಣನ್ನು ನೀಲಗಂಗವ್ವನ ಪಾದದ ಮೇಲೆ ಇಟ್ಟು ಬಂದೆ. ನಿಮಗೆ ಉಳಿದಿಲ್ಲ.

ಗುರುಬಸವ್ವ