ಇಳಿದ ಎಡಭುಜ

ಗೆಳೆಯಾ,

ನಮ್ಮ ವಾರ್ಡಿನಲ್ಲಿ ನಿನ್ನನ್ನು ಸೋಲಿಸಿದವರು ಹೋದ ವಾರ ನನ್ನ ಅಂಗಡಿಗೆ ಅಂಗಿ ಹೊಲಿಸಲು ಬಂದಿದ್ದರು. ಟೇಪು ಹಿಡಿದು, "ಹೆಸರೇನು ಸಾರ್?" ಎಂದೆ. ಜೊತೆಗೆ ಬಂದವನು ನಕ್ಕುಬಿಟ್ಟ. "ಏನ್ ಟೇಲರ್ರೇ, ನೀವು ಓಟ್ ಹಾಕಿ ಗೆಲ್ಲಿಸಿದೋರ ಮುಖಾನೇ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಅವರ ಪಕ್ಷದ ಚಿಹ್ನೆ ಗೊತ್ತಿತ್ತು, ಅಪ್ಪನ ಕಾಲದಿಂದ ನಮ್ಮನೆ ಓಟು ಅದಕ್ಕೇ.

ಟಿಕೆಟ್ ಸಿಕ್ಕಿದ ದಿನ ನೀನು ನೆಟ್ಟಗೆ ಇಲ್ಲಿಗೇ ಬಂದು ಇದೇ ಸ್ಟೂಲಿನ ಮೇಲೆ ಕೂತಿದ್ದೆ. "ನಿಂತಿರೋದು ನಾನು ಕಣೋ, ಪಕ್ಷ ಅಲ್ಲ," ಎಂದು ನೀನಂದೆ. ನಾನು ಗುಂಡಿ ಹೊಲಿಯುತ್ತಾ, ತಲೆಯೆತ್ತದೆ, "ಹೋಗಿ ಹೋಗಿ ಆ ಪಕ್ಷದಿಂದ ನಿಂತ್ಯಲ್ಲೋ," ಎಂದೆ. ಅದೇ ನಮ್ಮ ಕೊನೆಯ ಮಾತು. ಸೋತ ಮೇಲೆ ನೀನು ಊರು ಬಿಟ್ಟೆ. ಎಲ್ಲಿದ್ದೀಯೋ, ಯಾರನ್ನು ಕೇಳಲಿ? ನೀನು ಮೂರನೇ ಮಹಡಿಯ ನಮ್ಮ ಮನೆಯವರೆಗೆ ಹೊತ್ತು ತರುತ್ತಿದ್ದ ಗ್ಯಾಸ್ ಸಿಲಿಂಡರನ್ನು ಹೊಸಬ ಮೆಟ್ಟಿಲ ಬುಡದಲ್ಲೇ ಇಳಿಸಿ ಹೋಗುತ್ತಾನೆ. ನಾನೇ ಮೇಲಕ್ಕೆ ಹೊರುತ್ತೇನೆ.

ಇವತ್ತು ಆ ಗೆದ್ದವರು ಬಂದು ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತರು. "ಇದೇನ್ರೀ, ಎಡಗಡೆ ಭುಜ ಹಿಡೀತಿದೆ?"

ಮುಟ್ಟಿ ನೋಡಿದೆ. ಉಳಿದ ಅಳತೆಯೆಲ್ಲ ಅವರದೇ. ಎಡಭುಜವನ್ನು ಮಾತ್ರ ಅರ್ಧ ಇಂಚು ಇಳಿಸಿ ಕತ್ತರಿಸಿದ್ದೆ, ಸಿಲಿಂಡರ್ ಹೊತ್ತು ಹೊತ್ತು ಇಳಿದ ನಿನ್ನ ಭುಜಕ್ಕೆ ಇಷ್ಟು ವರ್ಷ ಕತ್ತರಿಸಿದ ಹಾಗೆ.

"ಬಿಚ್ಚಿ ಕೊಡಿ ಸಾರ್, ಬೇರೆ ಬಟ್ಟೇಲಿ ಹೊಲಿದುಕೊಡ್ತೀನಿ," ಎಂದೆ.

ಈ ಅಂಗಿ ಹ್ಯಾಂಗರಿನಲ್ಲೇ ಇದೆ. ತೋಳು ನಿನಗೆ ತುಸು ಉದ್ದವಾದೀತು. ಬಂದರೆ ಮಡಿಸಿ ಹೊಲಿದುಕೊಡುತ್ತೇನೆ.