ಮುಂದಿನ ಸೀಟು

ಮಾರ್ಚ್ ೧೨, ಗುರುವಾರ

ಕಂಪನಿ ಕಾರಿನ ಆ ಡ್ರೈವರ್ ಮುಖ ಇನ್ನೊಂದು ಸಲ ನೋಡಬಾರದು ಅಂದ್ಕೊಂಡ್ರೆ, ನಾಳೆ ಸ್ಟೇಷನ್ನಿಗೆ ಬಿಡೋನೂ ಅವನೇ.

ಯಾವ ಊರಿಗೆ ಹೋದರೂ ನಾನು ಡ್ರೈವರ್ ಪಕ್ಕಾನೇ ಕೂರೋದು. ಮನೆ, ಮಕ್ಕಳು, ಊರ ಸುದ್ದಿ ಎಲ್ಲ ಕೇಳ್ತೀನಿ. ಅದೊಂದು ಒಳ್ಳೇ ಗುಣ ಅಂತ ಹೆಂಡತಿ ಹತ್ರ ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು. ಇವತ್ತೂ ಕೇಳಿದೆ. ದಾರಿಯುದ್ದಕ್ಕೂ ಅವನದು ಬರೀ ಹೂಂ, ಉಹೂಂ.

ನಮ್ಮ ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಗೇಟು ಬಂತು. "ಯಾವತ್ತಿಂದ ಬೀಗ, ಸಾರ್?" ಅಂದ.

ಅದನ್ನ ಮುಚ್ಚೋಕೆ ಹೆಡ್ಡಾಫೀಸು ಕೊಟ್ಟ ಆದೇಶ ನನ್ನ ಬ್ಯಾಗಿನಲ್ಲೇ ಇತ್ತು. ಯಾರಿಗೂ ಹೇಳಿರಲಿಲ್ಲ. "ಯಾರಯ್ಯ ನಿನಗೆ ಹೇಳಿದ್ದು?"

"ನೀವೇ. ತಪಾಸಣೆಗೆ ಬರೋರು ಹಿಂದೆ ಕೂತು ಫೋನ್ ಒತ್ತುತ್ತಾರೆ, ನನ್ನ ಮುಖಾನೂ ನೋಡಲ್ಲ. ಮುಚ್ಚೋಕೆ ಬರೋರು ಮಾತ್ರ ಮುಂದೆ ಕೂತು, ಮಕ್ಕಳೆಷ್ಟು ಅಂತ ಕೇಳ್ತಾರೆ."

"ನಾನು ಯಾವಾಗಲೂ ಹೀಗೇ ಕೂರೋದು!" ಅಂತ ರೇಗಿದೆ.

"ಹಾಗಾದ್ರೆ ಯಾವಾಗಲೂ ಮುಚ್ಚೋಕೇ ಹೋಗ್ತೀರೇನೋ."

ಎಂಥಾ ಕೊಬ್ಬು! ಅದಕ್ಕಿಂತ ಉರಿಯೋದು, ಅವನು ಹೇಳಿದ್ದು ನಿಜ ಅನ್ನೋದು. ಐದು ವರ್ಷದಿಂದ ನನ್ನನ್ನ ಬೇರೆ ಯಾವ ಕೆಲಸಕ್ಕೂ ಕಳಿಸಿಲ್ಲ.

ಸಂಜೆ ಹೊರಗೆ ಬಂದವನು ಸೀದಾ ಹಿಂದಿನ ಬಾಗಿಲಿಗೆ ಕೈ ಹಾಕಿದೆ. ಆಸಾಮಿ ಮುಂದಿನ ಬಾಗಿಲು ತೆಗೆದು ಹಿಡಿದು ನಿಂತಿದ್ದ. "ಮುಂದೇನೇ ಬನ್ನಿ, ಸಾರ್. ದೊಡ್ಡ ಮಗಳು ಏನ್ ಮಾಡ್ತಾಳೆ ಅಂತ ಬೆಳಿಗ್ಗೆ ಕೇಳಿದ್ರಲ್ಲ? ಇಲ್ಲೇ, ಪೆಟ್ಟಿಗೆಗೆ ಅಂಟು ಹಚ್ತಾಳೆ."

ಹೋಗಿ ಮುಂದೇನೇ ಕೂತೆ.

ನಾಳೆ ಆಟೋ ಹಿಡಿದು ಹೋಗ್ತೀನಿ. ಅದರಲ್ಲಿ ಮುಂದಿನ ಸೀಟೇ ಇರಲ್ಲ.