ಅಪ್ಪನ ಚುನಾವಣಾ ಭಾಷಣ

ಜಂಗಮಕೋಟೆ
ಜನವರಿ ೨೦೦೬

ಪ್ರೀತಿಯ ಅಪ್ಪನಿಗೆ,

ತಾಲ್ಲೂಕು ಪಂಚಾಯಿತಿ ಚುನಾವಣೆಯಲ್ಲಿ ನಿಮ್ಮ ಪಕ್ಷದ ಅಭ್ಯರ್ಥಿಯನ್ನು ನಾನು ನಲವತ್ತೊಂದು ಮತಗಳಿಂದ ಸೋಲಿಸಿದೆ. ಅದಕ್ಕೆ ನಿಮಗೇ ಧನ್ಯವಾದ ಹೇಳಬೇಕು. ಪಕ್ಷದ ರಾಷ್ಟ್ರೀಯ ಅಧ್ಯಕ್ಷರಾದ ನೀವು ದೆಹಲಿಯಿಂದ ಬಂದು, "ನನ್ನ ಮಗಳಿಗೆ ಓಟು ಹಾಕ್ಬೇಡಿ, ಅವಳು ಹಟಮಾರಿ, ಹಿಡಿದ ಕೆಲಸ ಬಿಡಲ್ಲ" ಎಂದು ಭಾಷಣ ಮಾಡಿದಿರಿ. ನಮ್ಮತ್ತೆ ನಾರಾಯಣಮ್ಮ, "ನಿಮ್ಮಪ್ಪ ಬೈಲಿಲ್ಲ ಕಣಮ್ಮ, ನಿನಗೇ ಓಟು ಕೇಳಿ ಹೋದ್ರು" ಎಂದು ಇನ್ನೂ ನಗುತ್ತಿದ್ದಾರೆ.

ನಿಮ್ಮ ಮಾತು ಮೀರಿ ಚಲಪತಿಯನ್ನು ಮದುವೆಯಾದ ಮೇಲೆ ನೀವು ನಮ್ಮ ಮನೆಗೆ ಬಂದಿಲ್ಲ. ಭಾಷಣದ ದಿನ ನಮ್ಮ ಬಾಗಿಲ ಮುಂದೆ ನಿಮ್ಮ ಕಾರು ನಿಧಾನವಾಯಿತು, ಆದರೆ ನಿಲ್ಲಲಿಲ್ಲ; ನಾನೂ ಕರೆಯಲಿಲ್ಲ. ಈಗ ಕರೆಯುತ್ತಿದ್ದೇನೆ.

ಸೋಮವಾರ ಶಿಡ್ಲಘಟ್ಟದಲ್ಲಿ ಪಂಚಾಯಿತಿಯ ಮೊದಲ ಸಭೆ. ಭಾನುವಾರವೇ ಬನ್ನಿ. ಮನೆ ತುಂಬ ರೇಷ್ಮೆಹುಳುಗಳಿವೆ, ಅವಕ್ಕೆ ಸದ್ದು ಆಗದು; ನಿಮ್ಮ ಕಾರಿನ ಸೈರನ್ ಬೇಡ. ಸಭೆಯಲ್ಲಿ ಎದ್ದು ಮಾತಾಡಲು ನನಗೆ ಭಯವಾಗುತ್ತಿದೆ. ಇದನ್ನು ನಿಮಗೊಬ್ಬರಿಗೇ ಹೇಳುತ್ತಿದ್ದೇನೆ.

ನಿಮ್ಮ ಮಗಳು,
ಕಲ್ಯಾಣಿ